ನಿನ್ನ ಎಡವೋ, ನನ್ನ ಎಡವೋ?

ಮಾರ್ಲಿಸ್: ಎಡಕ್ಕೆ ಅಂದೆ! ಎಡಕ್ಕೆ! ಅದು ಎಡಾನಾ?

ವರ್ಲಿನ್: ಎಡ ಅಲ್ದೆ ಇನ್ನೇನು? ನಾನು ಗಡಿಯಾರ ಕಟ್ಟೋದು ಇದೇ ಕೈಗೆ.

ಮಾರ್ಲಿಸ್: ನಿನ್ನ ಎಡ ಕಟ್ಕೊಂಡು ನನಗೇನಾಗಬೇಕು? ನನ್ನ ಎಡ ಕಣಯ್ಯಾ, ನನ್ನ ಎಡ!

ವರ್ಲಿನ್: ಸ್ಟಿಯರಿಂಗ್ ನನ್ನ ಕೈಲಿ, ಎಡ ಮಾತ್ರ ನಿಂದಾ?

ಬ್ಲ್ಯಾಕ್ ಹಿಲ್ಸ್‌ನ ಗುಡ್ಡಗಳಲ್ಲಿ, ಪ್ರವಾಸಿಗಳ ಗಾಡಿಮನೆಗಳು ತಂಗುವ ಆ ಪಾರ್ಕಿನಲ್ಲಿ ನನ್ನ ಸೈಟು ಅವರ ಸೈಟಿನ ಪಕ್ಕದ್ದು. ಬಿಸಿಲು ಇಳಿಯುವ ಹೊತ್ತು. ವರ್ಲಿನ್ ಪಿಕಪ್ಪಿನಲ್ಲಿ ಕೂತು, ಹಿಂದೆ ಸಿಕ್ಕಿಸಿದ್ದ ಟ್ರೈಲರ್ ಮನೆಯನ್ನು ಒಂದು ಪೈನ್ ಮರಕ್ಕೂ ನೀರಿನ ನಲ್ಲಿಯ ಕಂಬಕ್ಕೂ ನಡುವೆ ತೂರಿಸಲು ಹೆಣಗುತ್ತಿದ್ದ. ಅವನು ಅಯೋವಾದವನು, ಶಾಲೆ ಬಸ್ ಓಡಿಸಿ ನಿವೃತ್ತನಾದವನು. ಅವನ ಹೆಂಡತಿ ಮಾರ್ಲಿಸ್ ಊರಿನ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ನಡೆಸಿದ್ದವಳು. ಕತ್ತರಿ ಬಿಟ್ಟು ಎರಡು ವರ್ಷವಾಗಿತ್ತಂತೆ, ನಾಲಿಗೆಯನ್ನು ಬಿಟ್ಟಿರಲಿಲ್ಲ. ಕ್ಯಾಂಪಿನಲ್ಲಿ ಟಿ.ವಿ. ಸರಿಯಾಗಿ ಬರುವುದಿಲ್ಲ. ಹಾಗಾಗಿ ಹೊಸದಾಗಿ ಬಂದವರು ಗಾಡಿ ಹಿಂದಕ್ಕೆ ಹಾಕುವ ಹೊತ್ತಿಗೆ ಉಳಿದವರೆಲ್ಲ ಮಡಚುಕುರ್ಚಿ ಆ ಕಡೆ ತಿರುಗಿಸಿಕೊಂಡು ಕೂರುವುದು ನಮ್ಮಲ್ಲಿ ರೂಢಿ. ಅವತ್ತೂ ಕೂತಿದ್ದೆವು. ಒಬ್ಬರು ಜೋಳದ ಅರಳನ್ನೂ ತಂದಿದ್ದರು.

ವರ್ಲಿನ್: ನೀನು ಯಾವ ಕಡೆ ಮುಖ ಮಾಡಿ ನಿಂತಿದೀಯ ಮೊದಲು ಹೇಳು.

ಮಾರ್ಲಿಸ್: ಮರದ ಕಡೆ. ಮರಕ್ಕೆ ಗುದ್ದುತ್ತೋ ಇಲ್ಲವೋ ನೋಡಬೇಕಲ್ಲ? ನಿನ್ನ ಮುಖ ನೋಡ್ತಾ ನಿಂತಿರಲಾ?

ವರ್ಲಿನ್: ನಾನು ಮುಂದೆ ನೋಡ್ತಿದೀನಿ, ನೀನು ಹಿಂದೆ ನೋಡ್ತಿದೀಯ. ಅಂದ್ರೆ ನಿನ್ನ ಎಡ ನನಗೆ ಬಲ.

ಮಾರ್ಲಿಸ್: ಎಡ ಬಲ ನನಗೆ ಹೇಳಿಕೊಡಬೇಡ. ಕನ್ನಡೀಲಿ ನೋಡ್ಕೊಂಡು ಜನರ ತಲೆ ಕತ್ತರಿಸಿದೋಳು ನಾನು. ಒಂದು ಕಿವಿಯನ್ನೂ ಕುಯ್ದಿಲ್ಲ.

ವರ್ಲಿನ್: ಕೇಳಿಸ್ಕೋ ಸ್ವಲ್ಪ. ನೀನು ಎಡ ಅಂದೆ. ಅದು ನನಗೆ ಬಲ ಅಂತ ಲೆಕ್ಕ ಹಾಕಿ ಬಲಕ್ಕೆ ತಿರುಗಿಸಿದೆ.

ಮಾರ್ಲಿಸ್: ಬಲಕ್ಕೆ ತಿರುಗಿಸಿದ್ರೆ ಟ್ರೈಲರ್ ಯಾಕೆ ಆ ಕಡೆ ಓಡ್ತು?

ವರ್ಲಿನ್: ಟ್ರೈಲರ್ ಹಾಗೇ ಕಣೇ. ಹಿಂದಕ್ಕೆ ಹೋಗುವಾಗ ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದ್ರೆ ಅದು ಎಡಕ್ಕೆ ಹೋಗುತ್ತೆ.

ಮಾರ್ಲಿಸ್: ಅಂದ್ರೆ ಎಡಕ್ಕೆ ತಿರುಗಿಸಿದ್ರೆ?

ವರ್ಲಿನ್: ಬಲಕ್ಕೆ ಹೋಗುತ್ತೆ. ನನ್ನ ಬಲಕ್ಕೆ.

ಮಾರ್ಲಿಸ್: ನಿನ್ನ ಬಲ ಅಂದ್ರೆ ನನ್ನ ಎಡ. ಹಾಗಾದ್ರೆ ನಾನು ಎಡ ಅಂದಾಗ ನೀನು ತೆಪ್ಪಗೆ ಎಡಕ್ಕೆ ತಿರುಗಿಸಿದ್ರೆ ಸಾಕಾಗಿತ್ತು!

ವರ್ಲಿನ್ ಸ್ಟಿಯರಿಂಗ್ ಮೇಲಿಂದ ಒಂದು ಕೈ ತೆಗೆದ. ಬೆರಳಿನಲ್ಲಿ ಗಾಳಿಯಲ್ಲಿ ಏನೋ ಬರೆದ.

ವರ್ಲಿನ್: ...ನಾನು ಯೋಚನೆ ಮಾಡಿಬಿಟ್ಟೆ.

ಮಾರ್ಲಿಸ್: ಮಾಡಬೇಡ. ನಿನಗೆ ಒಗ್ಗೋ ಕೆಲಸ ಅಲ್ಲ ಅದು. ಇಷ್ಟು ವರ್ಷ ಬಸ್ ಓಡಿಸಿದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀಯ, ಗಾಡಿ ಹಿಂದಕ್ಕೆ ಹೋಗಲ್ವಾ?

ವರ್ಲಿನ್: ಶಾಲೆ ಬಸ್ಸನ್ನ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ! ಹಿಂದೆ ಮಕ್ಕಳಿರ್ತವೆ ಅಂತ ನಮ್ಮಲ್ಲಿ ನಿಯಮಾನೇ ಇತ್ತು. ಬಸ್ಸು ಅಂದ್ರೆ ಮುಂದಕ್ಕೆ. ಅಷ್ಟೇ.

ಮಾರ್ಲಿಸ್: ಹಾಗಾದ್ರೆ ಮುಂದಕ್ಕೇ ಹೋಗೋಣ. ಮನೆ ತನಕ.

ವರ್ಲಿನ್ ಮತ್ತೊಮ್ಮೆ ಹಿಂದಕ್ಕೆ ಹಾಕಿದ. ಮಾರ್ಲಿಸ್ ಎರಡೂ ಕೈ ತಲೆಯ ಮೇಲೆ ಜೋರಾಗಿ ಬೀಸಿದಳು. ಟ್ರೈಲರ್ ಸರ್ರನೆ ಬಂದು ಪೈನ್ ಮರದ ತೊಗಟೆ ಸವರಿ ನಿಂತಿತು.

ಮಾರ್ಲಿಸ್: ನಿಲ್ಲಿಸು ಅಂದ್ರೆ ಕೇಳಲ್ವಾ?

ವರ್ಲಿನ್: ನೀನೆಲ್ಲಿ ನಿಲ್ಲಿಸು ಅಂದೆ? ಬಾ ಬಾ ಅಂತ ಕೈ ಬೀಸಿದೆ!

ಮಾರ್ಲಿಸ್: ನೊಣ ಓಡಿಸ್ತಿದ್ದೆ!

ವರ್ಲಿನ್: ನೊಣ ಓಡಿಸೋಕೆ ಎರಡು ಕೈ ಬೇಕಾ?

ಮಾರ್ಲಿಸ್: ಈ ಕಾಡಿನ ನೊಣ ನೋಡಿದೀಯಾ? ಗುಬ್ಬಚ್ಚಿ ಇದ್ದ ಹಾಗಿದೆ. ನಮ್ಮನೆ ಕಿಟಕಿಗೆ ಜಾಲರಿ ಇದೆ. ನಮ್ಮನೇಲಿ ಸ್ನಾನ ಮಾಡುವಾಗ ಮೊಣಕೈ ಗೋಡೆಗೆ ತಾಗಲ್ಲ. ನಮ್ಮನೇಲಿ ಕಕ್ಕಸಿನದು ಪೈಪಿನಲ್ಲಿ ಹೋದ್ರೆ ಹೋಯ್ತು, ಆಮೇಲೆ ಅದರ ಮುಖ ನೋಡೋ ಪ್ರಮೇಯ ಇಲ್ಲ. ಇಲ್ಲಿ ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಮಾಡಿದ್ದನ್ನ ತೊಟ್ಟೀಲಿ ತುಂಬಿಸ್ಕೊಂಡು ಬ್ಲ್ಯಾಕ್ ಹಿಲ್ಸ್ ತನಕ ಹೊತ್ತು ತಂದಿದೀವಿ. ನೆಂಟರಿಗೆ ಉಡುಗೊರೆ ತರೋ ಹಾಗೆ!

ನಮ್ಮ ಕುರ್ಚಿಗಳ ಸಾಲಿನಲ್ಲಿ ಯಾರೋ ಕೆಮ್ಮಿದರು.

ವರ್ಲಿನ್: ಮೆಲ್ಲಗೆ ಮಾತಾಡು. ಜನ ಕೇಳ್ತಿದಾರೆ.

ಮಾರ್ಲಿಸ್: ಕೇಳಲಿ. ಅವರ ತೊಟ್ಟೀಲೇನು ಗುಲಾಬಿ ನೀರಿದೆಯಾ? ನೋಡು ವರ್ಲಿನ್, ಮಾತು ಅಂದ್ರೆ ಮಾತು. ಕಳೆದ ಪಾರ್ಕಲ್ಲಿ ಪಕ್ಕದವರ ಊಟದ ಮೇಜು ಮುರಿದೆ. ಅದಕ್ಕೂ ಹಿಂದೆ ಯಾರದೋ ಸೈಕಲ್ ಮೇಲೆ ಹತ್ತಿಸಿದೆ. ಈ ಪಾರ್ಕಲ್ಲಿ ಯಾರ ಸಹಾಯಾನೂ ಇಲ್ಲದೆ ನೆಟ್ಟಗೆ ನಿಲ್ಲಿಸಿದ್ರೆ ಸಮುದ್ರದ ತನಕ ಬಾಯಿ ಮುಚ್ಕೊಂಡು ಬರ್ತೀನಿ, ಆಗಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಗಾಡಿ ಅಯೋವಾ ಕಡೆಗೆ, ಟ್ರೈಲರ್ ಮೇಲೆ 'ಮಾರಾಟಕ್ಕಿದೆ' ಅಂತ ಬೋರ್ಡು. ಒಪ್ಪಿದ್ದು ನೀನೇ.

ವರ್ಲಿನ್: ಒಪ್ಪಿದೀನಿ. ಇನ್ನೂ ಸೋತಿಲ್ಲ.

ಮಾರ್ಲಿಸ್: ಅಷ್ಟಕ್ಕೂ ಆ ಸಮುದ್ರದಲ್ಲಿ ನಿನಗೇನು ಕೆಲಸ? ಈಜೋಕೆ ಬರಲ್ಲ. ಮೀನು ತಿಂದ್ರೆ ಮೈಯೆಲ್ಲ ತುರಿಕೆ.

ವರ್ಲಿನ್: ರಜೆ ಮುಗಿಸಿ ಬಂದ ಮಕ್ಕಳು ಬಸ್ ಹತ್ತುತ್ತಲೇ 'ಸಮುದ್ರ ನೋಡಿ ಬಂದ್ವಿ' ಅನ್ನೋವು. ಪ್ರತಿ ವರ್ಷ. ನಾನು ಕನ್ನಡೀಲಿ ಅವುಗಳ ಮುಖ ನೋಡಿ 'ಹೌದಾ, ಹೇಗಿತ್ತು?' ಅನ್ನೋನು. ಒಂದು ಸಲ ನಾನೂ ಹೇಳಬೇಕು ಅಂತ.

ಮಾರ್ಲಿಸ್: ಯಾರಿಗೆ ಹೇಳ್ತೀಯ? ಆ ಬಸ್ ಈಗ ಬೇರೆಯವನು ಓಡಿಸ್ತಿದಾನೆ.

ವರ್ಲಿನ್ ಸ್ಟಿಯರಿಂಗ್ ಮೇಲಿನ ಧೂಳು ಒರೆಸಿದ. ಆಡಿದ ಮೇಲೆ ಅವಳಿಗೂ ಮಾತು ಸ್ವಲ್ಪ ಉದ್ದವಾಯಿತು ಅನ್ನಿಸಿರಬೇಕು. ಕೂದಲು ಸರಿಮಾಡಿಕೊಳ್ಳುತ್ತ ಮರದ ಕಡೆ ತಿರುಗಿದಳು. ಅಷ್ಟರಲ್ಲಿ ರಸ್ತೆಯ ಆಚೆ ಬದಿಯಿಂದ ರಾಯ್ಸ್ ಎದ್ದು ಬಂದ.

ಈ ರಾಯ್ಸ್ ಟೆಕ್ಸಾಸ್‌ನವನು. ಮೂರು ದಿನದಿಂದ ಅವರ ಎದುರಿನ ಸೈಟಿನಲ್ಲಿ ಬೀಡುಬಿಟ್ಟಿದ್ದ. ಅವನದು ಊರಿಂದೂರಿಗೆ ಹೋಗುವ ಬಸ್ಸಿನಷ್ಟು ದೊಡ್ಡ ಗಾಡಿ, ಎಂಜಿನ್ನೂ ಮನೆಯೂ ಒಂದರಲ್ಲೇ. ಒಳಗೆ ಪಾತ್ರೆ ತೊಳೆಯುವ ಯಂತ್ರ, ಎರಡು ಟಿ.ವಿ., ಜೊತೆಗೆ ಗುಂಡಿ ಒತ್ತಿದರೆ ಉರಿಯುವ ಬೆಂಕಿಗೂಡು. ಕಾಡಿಗೆ ಬಂದು ಮೈ ಕಾಯಿಸಿಕೊಳ್ಳಲು ಒಳಗೆ ಹೋಗುವ ಜನ! ಗಾಡಿಯ ಮುಂದೆ ಪಟ್ಟೆಪಟ್ಟೆ ಬಟ್ಟೆಯ ಚಪ್ಪರ ಚಾಚಿ, ಕೆಳಗೆ ಜಮಖಾನ ಹಾಸಿ, ಸುತ್ತ ಗುಲಾಬಿ ಬಣ್ಣದ ಪ್ಲಾಸ್ಟಿಕ್ ರಾಜಹಂಸಗಳನ್ನು ಸಾಲಾಗಿ ನೆಟ್ಟಿದ್ದ. ಯಾರ ಗಾಡಿ ಬಂದರೂ ಕಾಫಿ ಲೋಟ ಹಿಡಿದು ಬುದ್ಧಿ ಹೇಳಲು ಹೊರಡುತ್ತಿದ್ದ.

ರಾಯ್ಸ್: ಏನ್ ಸ್ವಾಮಿ, ಇದು ಟ್ರೈಲರ್ರಾ, ಮೊಟ್ಟೆ ಡಬ್ಬಾನಾ?

ವರ್ಲಿನ್: ನಮ್ಮಿಬ್ಬರಿಗೆ ಸಾಕು.

ರಾಯ್ಸ್: ನನ್ನ ಸ್ನಾನದ ಕೋಣೇನೇ ಇದಕ್ಕಿಂತ ದೊಡ್ಡದಿದೆ. ಇದನ್ನ ಒಳಗೆ ಹಾಕೋಕೆ ಇಷ್ಟು ಹೊತ್ತಾ? ನಾನಾಗಿದ್ರೆ ಒಂದು ಕೈಯಲ್ಲಿ ಹಾಕ್ತಿದ್ದೆ, ಇನ್ನೊಂದು ಕೈಲಿರೋ ಕಾಫಿ ಚೆಲ್ಲದ ಹಾಗೆ.

ಮಾರ್ಲಿಸ್: ನೋಡು ವರ್ಲಿನ್. ಗೊತ್ತಿರೋರು ಹೇಳ್ತಿದಾರೆ.

ವರ್ಲಿನ್: ಗೊತ್ತಿರೋರು ಅವರ ಸೈಟಿಗೆ ಹೋಗಲಿ.

ರಾಯ್ಸ್: ಕೋಪ ಬೇಡ ಸ್ವಾಮಿ. ಮೊದಲು ಏನು ಕೆಲಸ ಮಾಡ್ತಿದ್ರಿ?

ವರ್ಲಿನ್: ಶಾಲೆ ಬಸ್ ಓಡಿಸ್ತಿದ್ದೆ.

ರಾಯ್ಸ್ ತಲೆ ಹಿಂದಕ್ಕೆ ಎಸೆದು ನಕ್ಕ. ಎಂಥ ನಗು ಅಂದರೆ ಯಾರದೋ ನಾಯಿ ಬೊಗಳಿತು.

ರಾಯ್ಸ್: ಶಾಲೆ ಬಸ್ಸಾ! ಟ್ವೈಲಾ, ಕೇಳಿಸ್ತಾ? ಈಯಪ್ಪನ ಕೈಲಿ ಮಕ್ಕಳನ್ನ ಕೊಟ್ಟಿದ್ರಂತೆ! ಆ ಮಕ್ಕಳೆಲ್ಲ ಮನೆ ಸೇರಿದ್ವಾ, ಇಲ್ಲಾ ಇನ್ನೂ ಯಾವುದಾದ್ರೂ ಹಳ್ಳದಲ್ಲಿ ಕೂತಿದಾವಾ?

ಚಪ್ಪರದಡಿ ಕೂತಿದ್ದ ಅವನ ಹೆಂಡತಿ ಟ್ವೈಲಾ ತಲೆ ಎತ್ತಲಿಲ್ಲ. ಮಾರ್ಲಿಸ್ ಮಾತ್ರ ಮರ ಬಿಟ್ಟು ಪೂರ್ತಿ ಈ ಕಡೆ ತಿರುಗಿದಳು.

ಮಾರ್ಲಿಸ್: ಏನಂದ್ರಿ?

ರಾಯ್ಸ್: ತಮಾಷೆಗೆ ಅಂದೆ, ಅಮ್ಮಾವ್ರೇ. ನೀವೂ ಇಷ್ಟು ಹೊತ್ತು ಅದನ್ನೇ ತಾನೇ ಹೇಳ್ತಿದ್ದಿದ್ದು?

ಮಾರ್ಲಿಸ್: ನಾನು ಹೇಳ್ತೀನಿ. ಇವನ ಬಟ್ಟೆ ಒಗೆದಿದೀನಿ, ಇವನ ಗೊರಕೆ ಕೇಳಿದೀನಿ, ಹೇಳೋ ಹಕ್ಕು ಸಂಪಾದಿಸಿದೀನಿ. ನೀವು ಯಾರ್ರೀ? ಹಿಮ ಸೊಂಟದ ತನಕ ಬಿದ್ದ ದಿನ, ದಾರಿ ಎಲ್ಲಿ ಹೊಲ ಎಲ್ಲಿ ಗೊತ್ತಾಗದಿದ್ದಾಗ, ಒಂದೊಂದು ಮಗೂನೂ ಕೈ ಹಿಡ್ಕೊಂಡು ಬಾಗಿಲ ತನಕ ಬಿಟ್ಟು ಬಂದೋನು ಇವನು. ಊರವರೆಲ್ಲ ಒಲೆ ಮುಂದೆ ಕೂತಿದ್ರು. ನಿಮ್ಮ ಟೆಕ್ಸಾಸಲ್ಲಿ ಹಿಮ ಅಂದ್ರೆ ಲೋಟದೊಳಗೆ ಹಾಕ್ಕೊಳ್ಳೋದು ಅಲ್ವಾ?

ವರ್ಲಿನ್ ಕಿಟಕಿಯಿಂದ ಅರ್ಧ ಹೊರಗೆ ಬಂದು ಹೆಂಡತಿಯನ್ನೇ ನೋಡುತ್ತಿದ್ದ. ಈ ಮಾತು ಅವನು ಮದುವೆಯಾದಾಗಿನಿಂದ ಒಮ್ಮೆಯೂ ಕೇಳಿದ್ದಂತೆ ಕಾಣಲಿಲ್ಲ.

ರಾಯ್ಸ್: ಹಿಮದ್ದು ಬಿಡಿ. ಗಾಡಿ ಒಳಗೆ ಹೋಗಿಲ್ವಲ್ಲ? ಇನ್ನು ನೀವು ಕೈ ಆಡಿಸೋದು ನೋಡಿದ್ರೆ, ಯಾರಿಗಾದ್ರೂ ಮೈಮೇಲೆ ಏನೋ ಬಂದಿದೆ ಅನ್ನಿಸುತ್ತೆ.

ಮಾರ್ಲಿಸ್: ಓಹೋ. ವರ್ಲಿನ್, ಇಳಿ.

ವರ್ಲಿನ್: ಯಾಕೆ?

ಮಾರ್ಲಿಸ್: ಇಳಿ ಅಂದೆ. ಸ್ವಾಮಿಗಳು ಒಂದು ಕೈಯಲ್ಲಿ ಹಾಕ್ತಾರಂತೆ. ಹಾಕಲಿ.

ವರ್ಲಿನ್: ಅವನು ಹಾಕಿದ್ರೆ ನಾನು ಸೋತ ಹಾಗೆ! ಮನೆಗೆ ಹೋಗೋಕೆ ಅಂತಾನೇ ನೀನು ಇದೆಲ್ಲ ಮಾಡ್ತಿರೋದಾ?

ಮಾರ್ಲಿಸ್: ನಾನು ಯಾಕೆ ಮಾಡ್ತೀನೋ ನನಗೆ ಗೊತ್ತು. ಇಳಿ.

ವರ್ಲಿನ್ ಇಳಿದ. ಅವನ ಮುಖ ನೋಡಿದರೆ ಮರುಕ ಬರುತ್ತಿತ್ತು. ಹೆಂಡತಿ ತನ್ನನ್ನು ಹೊಗಳಿದ ಗಳಿಗೆಯಲ್ಲೇ ಎದುರು ಪಕ್ಷಕ್ಕೆ ಒಪ್ಪಿಸಿಬಿಟ್ಟಳಲ್ಲ ಎಂದು ಅವನು ಟ್ರೈಲರಿನ ಪಕ್ಕ ನಿಂತು ಟೋಪಿ ಹಿಸುಕತೊಡಗಿದ. ರಾಯ್ಸ್ ಕಾಫಿ ಲೋಟದ ಸಮೇತ ಪಿಕಪ್ ಹತ್ತಿದ. ನಾವು ಕುರ್ಚಿಗಳನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡೆವು.

ರಾಯ್ಸ್: ಕ್ಯಾಮೆರಾ ಎಲ್ಲಿದೆ?

ವರ್ಲಿನ್: ಯಾವ ಕ್ಯಾಮೆರಾ?

ರಾಯ್ಸ್: ಹಿಂದೆ ಏನಿದೆ ತೋರಿಸೋ ಕ್ಯಾಮೆರಾ! ಪರದೆ ಎಲ್ಲಿ?

ವರ್ಲಿನ್: ಎರಡು ಕನ್ನಡಿ ಇವೆ. ಕುತ್ತಿಗೆ ಇದೆ.

ರಾಯ್ಸ್: ಇದೇನು ಗುಜರಿ ಮಾಲು! ಹೋಗಲಿ ಬಿಡಿ. ಟ್ವೈಲಾ, ಹಿಂದೆ ನಿಂತ್ಕೊಂಡು ಹೇಳು.

ಟ್ವೈಲಾ ಎದ್ದು ಬಂದು ನಲ್ಲಿ ಕಂಬದ ಹತ್ತಿರ ನಿಂತಳು. ಬರುವ ಮನಸ್ಸು ಅವಳಿಗಿದ್ದಂತೆ ಕಾಣಲಿಲ್ಲ.

ಟ್ವೈಲಾ: ಬಾ... ಬಾ... ಕಂಬ ಕಂಬ ಕಂಬ!

ರಾಯ್ಸ್: ಯಾವ ಕಡೆ ಕಂಬ?

ಟ್ವೈಲಾ: ಈ ಕಡೆ!

ರಾಯ್ಸ್: 'ಈ ಕಡೆ' ಅಂದ್ರೆ ನನಗೆ ಹೇಗೆ ಗೊತ್ತಾಗಬೇಕು?

ಟ್ವೈಲಾ: ನಿಂಗೆ ಎಲ್ಲಾ ಗೊತ್ತಿದೆಯಲ್ಲ, ಇದೂ ಗೊತ್ತಿರುತ್ತೆ ಅನ್ಕೊಂಡೆ.

ಟ್ರೈಲರ್ ಅಡ್ಡಡ್ಡ ತಿರುಗಿ, ಮಡಚಿದ ಚಾಕುವಿನಂತೆ ಪಿಕಪ್ಪಿನ ಪಕ್ಕೆಗೆ ಬಂದು ನಿಂತಿತು. ರಾಯ್ಸ್ ಗೇರು ಬದಲಾಯಿಸಿ ಸ್ವಲ್ಪ ಮುಂದಕ್ಕೆ ತಂದ. ನೇರವಾಯಿತು. ಇನ್ನು ಹಿಂದಕ್ಕೆ ಹೋಗಬೇಕೆಂದು ಕನ್ನಡಿಯಲ್ಲಿ ಕಣ್ಣು ನೆಟ್ಟ. ಗೇರು ಮಾತ್ರ ಇದ್ದಲ್ಲೇ ಇತ್ತು.

ವರ್ಲಿನ್: ಗೇರು ಮುಂದಕ್ಕಿದೆ ಸ್ವಾಮಿ.

ರಾಯ್ಸ್: ನನಗೆ ಹೇಳಿಕೊಡಬೇಡಿ.

ವರ್ಲಿನ್: ಹೇಳಿಕೊಡ್ತಿಲ್ಲ. ಮುಂದಕ್ಕಿದೆ ಅಂದೆ.

ರಾಯ್ಸ್: ಶಾಲೆ ಬಸ್ಸಿನವರು ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ?

ವರ್ಲಿನ್ ಮುಚ್ಚಿಕೊಂಡ. ರಾಯ್ಸ್ ಹಿಂದೆ ನೋಡುತ್ತ, ಬಲವಾಗಿ ತುಳಿದ. ಪಿಕಪ್ ಟ್ರೈಲರನ್ನು ಎಳೆದುಕೊಂಡು ಮುಂದಕ್ಕೆ ನೆಗೆದು ರಸ್ತೆ ದಾಟಿತು. ಮೊದಲು ರಾಜಹಂಸಗಳು ಹೋದವು, ಒಂದಾದ ಮೇಲೊಂದು, ಪಟಪಟ ಸದ್ದು ಮಾಡುತ್ತ. ಆಮೇಲೆ ಜಮಖಾನ ಚಕ್ರಕ್ಕೆ ಸುತ್ತಿಕೊಂಡಿತು. ಕೊನೆಗೆ ಚಪ್ಪರದ ಕಂಬ ಬಾಗಿ, ಆ ಪಟ್ಟೆಪಟ್ಟೆ ಬಟ್ಟೆ ನಿಧಾನವಾಗಿ, ಬಹಳ ಗಂಭೀರವಾಗಿ, ಪಿಕಪ್ಪಿನ ಮೇಲೆ ಹೊದಿಕೆಯಂತೆ ಬಿತ್ತು. ರಾಯ್ಸ್ ಅದರೊಳಗೆ ಕಾಣದಾದ.

ರಾಯ್ಸ್ (ಬಟ್ಟೆಯ ಒಳಗಿಂದ): ಯಾರು ಲೈಟ್ ಆರಿಸಿದ್ದು?

ನಮ್ಮ ಸಾಲಿನಲ್ಲಿ ಚಪ್ಪಾಳೆ ಬಿತ್ತು. ಅದು ಸರಿಯಲ್ಲ, ಒಪ್ಪುತ್ತೇನೆ. ಆದರೆ ತಡೆಯಲಾಗಲಿಲ್ಲ.

ಟ್ವೈಲಾ: ಸಮಾಧಾನ ಆಯ್ತಾ? ಒಂದು ಕೈಯಲ್ಲೇ ಹಾಕಿದೆಯಲ್ಲ?

ರಾಯ್ಸ್: ಗಾಡಿ ಸರಿಯಿಲ್ಲ! ಈ ಗಾಡೀಲಿ ಗೇರು ತಪ್ಪು ಜಾಗದಲ್ಲಿದೆ!

ಟ್ವೈಲಾ: ನೀನೂ ತಪ್ಪು ಜಾಗದಲ್ಲೇ ಇದೀಯ. ಇಳಿ.

ರಾಯ್ಸ್ ಬಟ್ಟೆಯಡಿಯಿಂದ ತೆವಳಿ ಹೊರಬಂದ. ಅಂಗಿಯ ಮೇಲೆಲ್ಲ ಕಾಫಿ. ವರ್ಲಿನ್ ಅವನ ಬಳಿಗೆ ಹೋಗಿ, ಅವನ ತಲೆಯಿಂದ ಬಿದ್ದಿದ್ದ ಟೋಪಿ ಎತ್ತಿ, ಧೂಳು ಕೊಡವಿ ಕೊಟ್ಟ.

ವರ್ಲಿನ್: ಬಿಡಿ ಸ್ವಾಮಿ. ಎಲ್ಲರಿಗೂ ಆಗುತ್ತೆ. ಮನೆ ಸೇರಿದ್ರೆ ಸಾಕು.

ಮಾರ್ಲಿಸ್ ತುಟಿ ಕಚ್ಚಿಕೊಂಡು, ಯಾರ ಮುಖವನ್ನೂ ನೋಡದೆ, ಶವಯಾತ್ರೆಯಲ್ಲಿ ನಡೆಯುವವಳಂತೆ ಟ್ರೈಲರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಟ್ರೈಲರ್ ಅಲುಗಾಡತೊಡಗಿತು. ಮೊದಲಿಗೆ ಅಳುತ್ತಿದ್ದಾಳೆ ಅಂದುಕೊಂಡೆವು, ನಗು ಕೇಳಿಸುವ ತನಕ.

ಆಮೇಲೆ ನಾವೊಂದಿಷ್ಟು ಜನ ಎದ್ದು ಹೋಗಿ ಬಟ್ಟೆ ಬಿಡಿಸಿದೆವು. ಪಿಕಪ್ಪಿನಿಂದ ಟ್ರೈಲರನ್ನು ಕಳಚಿ, ಕೈಯಿಂದಲೇ ತಳ್ಳಿಕೊಂಡು ಹೋಗಿ ಮರಕ್ಕೂ ಕಂಬಕ್ಕೂ ನಡುವೆ ಇಟ್ಟೆವು. ಎಡವೂ ಇಲ್ಲ, ಬಲವೂ ಇಲ್ಲ, ಎರಡೇ ನಿಮಿಷದ ಕೆಲಸ. ಮಾರ್ಲಿಸ್ ಒಳಗೇ ಇದ್ದಳು.

ಟ್ರೈಲರ್ ಗೋಡೆಗಳು ಹಪ್ಪಳದಷ್ಟು ತೆಳು. ಮರುದಿನ ಬೆಳಿಗ್ಗೆ ನಾನು ನನ್ನ ಒಲೆಯ ಮೇಲೆ ಮೊಟ್ಟೆ ಕರಿಯುತ್ತಿದ್ದಾಗ ಅವರ ಮಾತು ಪಕ್ಕದಲ್ಲೇ ಕೂತು ಕೇಳಿದಂತೆ ಕೇಳಿಸಿತು.

ವರ್ಲಿನ್: ನೀರಿನ ಪೈಪ್ ಸುತ್ತಿದೀನಿ. ಮಧ್ಯಾಹ್ನ ದಾಟೋದ್ರೊಳಗೆ ಹೊರಟ್ರೆ ಅಯೋವಾಗೆ ನಾಳೆ ಸಂಜೆ ಸೇರಬಹುದು.

ಮಾರ್ಲಿಸ್: ಅಯೋವಾಗೆ ಯಾಕೆ?

ವರ್ಲಿನ್: ಯಾಕೆ ಅಂದ್ರೆ? ಮಾತು ಕೊಟ್ಟಿದ್ದೆ. ಯಾರ ಸಹಾಯಾನೂ ಇಲ್ಲದೆ ನಿಲ್ಲಿಸಬೇಕಿತ್ತು. ನಿಲ್ಲಿಸಿದ್ದು ನಾನಲ್ಲ. ಊರವರೆಲ್ಲ ಸೇರಿ ತಳ್ಳಿದ್ರು. ಸೋತೆ.

ಮಾರ್ಲಿಸ್: ಮಾತು, ಮಾತು! ಏನೋ ಒಂದು ದಿನ ಬಾಯಿಗೆ ಬಂದಿದ್ದು ಅಂದೆ, ಅದನ್ನೇ ಹಿಡ್ಕೊಂಡು ಕೂತಿದೀಯ. ನಿನಗೆ ಮನೆಗೆ ಹೋಗಬೇಕು ಅಂತ ಇದ್ರೆ ನೇರವಾಗಿ ಹೇಳು. ನನ್ನ ಮೇಲೆ ಹಾಕಬೇಡ.

ವರ್ಲಿನ್: ನನಗಾ? ಮನೆಗೆ ಹೋಗಬೇಕು ಅಂತ ಹಾರಾಡ್ತಿದ್ದಿದ್ದು ನಾನಾ? ನೊಣ, ಸ್ನಾನ, ತೊಟ್ಟಿ, ಎಲ್ಲ ಯಾರು ಹೇಳಿದ್ದು?

ಮಾರ್ಲಿಸ್: ಇದ್ದಿದ್ದನ್ನ ಇದ್ದ ಹಾಗೆ ಹೇಳೋದು ಬೇಡ್ವಾ? ತೊಟ್ಟಿ ಈಗಲೂ ತುಂಬಿದೆ, ಹೋಗಿ ಖಾಲಿ ಮಾಡ್ಕೊಂಡು ಬಾ. ಆಮೇಲೆ ಪಶ್ಚಿಮಕ್ಕೆ ತಿರುಗಿಸು, ನಿನ್ನ ಸಮುದ್ರದ ಕಡೆ.

ವರ್ಲಿನ್: ಮಾರ್ಲಿಸ್, ನಿನಗೆ ಜ್ವರ ಗಿರ ಬಂದಿದೆಯಾ?

ಮಾರ್ಲಿಸ್: ಬೆಳಿಗ್ಗೆ ಟ್ವೈಲಾ ಜೊತೆ ಕಾಫಿ ಕುಡಿದೆ. ಒಳ್ಳೆ ಹೆಂಗಸು, ಪಾಪ. ಅವರು ಇವತ್ತು ಯೆಲ್ಲೋಸ್ಟೋನ್ ಕಡೆ ಹೊರಡ್ತಾರಂತೆ. ಅವಳ ಗಂಡ ಯಾವಾಗಲೂ ಮುಂದಿನಿಂದ ಹೊಕ್ಕು ಹಿಂದಿನಿಂದ ಹೊರಡೋ ಸೈಟನ್ನೇ ಹಿಡಿಯೋದಂತೆ. ಯಾಕೆ ಗೊತ್ತಾ? ಆ ದೊಡ್ಡ ಗಾಡೀನ ಅವನು ಇವತ್ತಿನ ತನಕ ಹಿಂದಕ್ಕೆ ಹಾಕೇ ಇಲ್ಲ!

ವರ್ಲಿನ್: ಕ್ಯಾಮೆರಾ ಎಲ್ಲಿ ಅಂತ ನನ್ನ ಕೇಳಿದ್ನಲ್ಲ, ಅವನದ್ರಲ್ಲಿ ಇಲ್ವಾ?

ಮಾರ್ಲಿಸ್: ಇದೆ. ಅದರಲ್ಲಿ ಅವನು ಸೂರ್ಯಾಸ್ತ ನೋಡ್ತಾನಂತೆ. ಯೆಲ್ಲೋಸ್ಟೋನ್‌ನಲ್ಲಿ ಈ ಸಲ ಆ ಥರದ ಸೈಟು ಸಿಕ್ಕಿಲ್ಲ. ಹಿಂದಕ್ಕೆ ಹಾಕಲೇಬೇಕು. ಎರಡು ಮರದ ನಡುವೆ. ಬಸ್ಸಿನಷ್ಟು ಉದ್ದದ್ದನ್ನ.

ನನ್ನ ಮೊಟ್ಟೆ ಸೀಯುತ್ತಿತ್ತು. ಒಲೆ ಆರಿಸುವಷ್ಟೂ ವ್ಯವಧಾನ ನನಗಿರಲಿಲ್ಲ.

ವರ್ಲಿನ್: ಅದಕ್ಕೇ ಯೆಲ್ಲೋಸ್ಟೋನ್‌ಗಾ?

ಮಾರ್ಲಿಸ್: ಅಲ್ಲಿ ಅವರ ಎದುರು ಸೈಟು ಖಾಲಿ ಇತ್ತು. ಫೋನ್ ಮಾಡಿ ನಮಗೆ ಅಂತ ಹೇಳಿಟ್ಟೆ.

ವರ್ಲಿನ್: ನಾವು ಅಲ್ಲಿ ಗಾಡಿ ಹಿಂದಕ್ಕೆ ಹಾಕಬೇಕಾಗುತ್ತೆ, ಗೊತ್ತಾ?

ಮಾರ್ಲಿಸ್: ಹಾಕು. ಮರಕ್ಕೆ ಗುದ್ದು, ಕಂಬಕ್ಕೆ ಗುದ್ದು. ಬೈಯೋಕೆ ನಾನಿದೀನಿ. ಏಳು ಈಗ.

ವರ್ಲಿನ್: ಅಲ್ಲ ಕಣೇ, ನೆಲದಿಂದ ಕುದಿಯೋ ನೀರು ಮರದೆತ್ತರ ಚಿಮ್ಮೋದು ನೋಡೋಕೆ ಪ್ರಪಂಚದ ಜನ ಅಲ್ಲಿಗೆ ಬರ್ತಾರೆ. ಅದನ್ನೊಂದು ನೋಡಬೇಕು ಅಂತಲಾದ್ರೂ ಅನ್ನಬಾರದಾ?

ಮಾರ್ಲಿಸ್: ಅದು ದಿನಾ ಚಿಮ್ಮುತ್ತೆ ಮಾರಾಯಾ, ಯಾವಾಗ ಹೋದ್ರೂ ನೋಡಬಹುದು. ಆ ಮನುಷ್ಯ ಗಾಡಿ ನಿಲ್ಲಿಸೋದು ಒಂದೇ ಸಲ.